ಒತ್ತಡ ಇಳಿದ ದಿನಗಳ ಊಟ

ನಾನು ಹನಕೆರೆಗೆ ಸೊಸೆಯಾಗಿ ಬಂದಾಗ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಮಾವನ ಬೈಗುಳ ಮಾತ್ರ ಧಾರಾಳವಾಗಿ ಸಿಗುತ್ತಿತ್ತು. ಅರವತ್ತೈದು ದಾಟಿದ್ದರೂ ಎತ್ತು, ದೇವರು, ಶಾನುಭೋಗ, ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗಲೇ ತಲೆ ಸುತ್ತಿ ಕೂತುಬಿಟ್ಟರು. ಇಷ್ಟು ವರ್ಷ ಬೈಸಿಕೊಂಡ ದೇವರು ಕಡೆಗೂ ತಿರುಗಿಬಿದ್ದ ಎಂದರು ಅತ್ತೆ.

ನನ್ನ ಯಜಮಾನರು ಮಂಡ್ಯದಲ್ಲಿ ಗುಮಾಸ್ತರು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅಲ್ಲಿನ ಡಾಕ್ಟರ ಬಳಿಗೆ ಮಾವನನ್ನು ಕರೆದೊಯ್ದೆವು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಪಾದರಸ ಏರಿದ್ದನ್ನು ನೋಡಿ, ರಕ್ತದೊತ್ತಡ ವಿಪರೀತವಾಗಿದೆ, ಉಪ್ಪು ಬಿಡಿ ಎಂದರು. ಉಪ್ಪೆಸರು ಇಲ್ಲದೆ ಮುದ್ದೆ ನುಂಗದ ಮನುಷ್ಯನಿಗೆ ಹೇಳುವ ಮಾತೇ ಅದು?

ಎರಡು ವಾರ ಸಪ್ಪೆ ತಿಂದು ಹೋದಾಗ ಒತ್ತಡ ಸರಿಯಾಗಿತ್ತು. ಮುಂದಿನ ಸಲ ಮೊದಲಿಗಿಂತ ಹೆಚ್ಚು. ಆಮೇಲೆ ಮತ್ತೆ ಕಡಿಮೆ. ಯಂತ್ರ ಕೆಟ್ಟಿದೆಯೆಂದು ಮಾವ ಹಟ ಹಿಡಿದರು. ಡಾಕ್ಟರು ತಮ್ಮ ತೋಳಿಗೇ ಪಟ್ಟಿ ಕಟ್ಟಿಕೊಂಡು ಸರಿಯಿದೆಯೆಂದು ತೋರಿಸಿದರು.

"ಒಂದು ದಿನ ಇಳೀತು ಅಂತ ಕುಣೀಬೇಡಿ ಗೌಡ್ರೆ. ಹೀಗೆ ಏರೋದು ಇಳಿಯೋದು ಮಾಡೋದೇ ನನಗೆ ಹೆದರಿಕೆ. ಎದೆಗೆ ಒಳ್ಳೇದಲ್ಲ."

ಮಾವನಿಗೆ ಕೇಳಿಸಿದ್ದು ಇಳಿಯಿತು ಅನ್ನುವುದಷ್ಟೇ. ಅಂಥ ದಿನ ಮನೆಗೆ ಬಂದು, ಅತ್ತೆ ಹಿತ್ತಿಲಿಗೆ ಹೋಗುವುದನ್ನೇ ಕಾದು, "ಒಸಿ ಉಪ್ಪಾಕು ಕೂಸೆ, ಇವತ್ತು ಪಾಸಾಗಿವ್ನಿ" ಎನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಸುಟ್ಟ ಒಣಮೀನೂ ಕೊಡುತ್ತಿದ್ದೆ. ಊರನ್ನೆಲ್ಲ ಬೈಯುವವರು ನನ್ನೊಬ್ಬಳನ್ನು ಹೊಗಳುತ್ತಿದ್ದರು. ಹೊಸ ಸೊಸೆಗೆ ಇನ್ನೇನು ಬೇಕು?

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಬ್ಬಿನ ಗಾಡಿಯವನನ್ನು ಬೈಯುತ್ತಿದ್ದವರು ನಡುವೆಯೇ ನಿಲ್ಲಿಸಿದರು. ಬೈಗುಳ ಅರ್ಧಕ್ಕೆ ನಿಂತದ್ದರಿಂದಲೇ ನಮಗೆ ಗಾಬರಿಯಾಯಿತು. ಎದೆ ಹಿಡಿದುಕೊಂಡು ಜಗಲಿಯ ಕಂಬಕ್ಕೆ ಒರಗಿದ್ದರು, ಮೈಯೆಲ್ಲ ಬೆವರು. ಹೇಳಿಕಳಿಸಿದ ಮೇಲೆ ಯಜಮಾನರು ಮಂಡ್ಯದಿಂದ ಡಾಕ್ಟರನ್ನು ಕರೆತಂದರು. ಪಟ್ಟಿ ಸುತ್ತಿದರೆ ಒತ್ತಡ ಎಂದೂ ಇಲ್ಲದಷ್ಟು ಕೆಳಗಿತ್ತು.

ಎಷ್ಟಿದೆಯೆಂದು ಮಾವ ಕೇಳಿದರು. ಬಹಳ ಕಡಿಮೆ ಎಂದು ಡಾಕ್ಟರು ಹೇಳಿದ್ದೇ ನನ್ನ ಕಡೆ ತಿರುಗಿ, ಪಾಸಾದವರಂತೆ ನಕ್ಕರು. ಹೃದಯಕ್ಕೆ ಪೆಟ್ಟು ಬಿದ್ದಾಗ ಹೀಗೆ ಇಳಿಯುವುದುಂಟೆಂದು ಡಾಕ್ಟರು ಹೊರಗೆ ಯಜಮಾನರಿಗೆ ಹೇಳಿದ್ದು ಬಾಗಿಲ ಹಿಂದಿದ್ದ ನನಗೆ ಕೇಳಿಸಿತು. ಒಲೆಯ ಮುಂದೆ ಹೋಗಿ ಕೂತೆ. ಉಪ್ಪಿನ ಮರಿಗೆಯನ್ನು ಕಣ್ಣಿಗೆ ಬೀಳದಂತೆ ಹಿಂದಕ್ಕೆ ತಳ್ಳಿದೆ.

ಮಾವ ಆರು ವಾರ ಹಾಸಿಗೆ ಬಿಟ್ಟೇಳಲಿಲ್ಲ, ಆದರೆ ಬದುಕಿಕೊಂಡರು. ತಡೆಯಲಾರದೆ ಒಂದು ದಿನ ಅತ್ತೆಯ ಮುಂದೆ ಉಪ್ಪಿನ ವಿಷಯ ಹೇಳಿಬಿಟ್ಟೆ. ಮನೆ ಬಿಟ್ಟು ಹೋಗು ಅನ್ನುತ್ತಾರೆಂದುಕೊಂಡಿದ್ದೆ. ಅತ್ತೆ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟರು.

"ನೀನೂವಾ?" ಎಂದರು. "ನಿನ್ಗೆ ಗೊತ್ತಾಗ್ದಂಗೆ ನಾನೂ ಆಕ್ತಿದ್ದೆ ಕಣವ್ವ."

ಇಬ್ಬರೂ ಅತ್ತೆವು, ಆಮೇಲೆ ನಕ್ಕೆವು. ಅಂದಿನಿಂದ ಒಂದೇ ಮಡಕೆ, ಎಲ್ಲರಿಗೂ ಸಪ್ಪೆ. ಮಾವ ಇನ್ನೂ ನಾಲ್ಕು ವರ್ಷ ಬದುಕಿ ಅದನ್ನೇ ಉಂಡರು. ಯಜಮಾನರು ಮಾತ್ರ ಮಂಡ್ಯದ ಹೋಟೆಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದು, ಯಾಕೋ ಹಸಿವೇ ಇಲ್ಲ ಅನ್ನುತ್ತಿದ್ದರು.