ಪ್ರೆಸ್ ಶೆಡ್ಡಿನ ಮುನಿರಾಜಣ್ಣ

ಮುನಿರಾಜಣ್ಣ ಗುಟ್ಟು ಹೇಳಿದರೆ ಪೀಣ್ಯದ ಎರಡು ರಸ್ತೆಗೆ ಕೇಳಿಸುತ್ತಿತ್ತು. ಮೀಸೆ ಮೂಡಿದಾಗಿನಿಂದ ಕಬ್ಬಿಣದ ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸುಗಳ ಧಡಾರ್ ಧಡಾರ್ ಸದ್ದಿನಲ್ಲೇ ಬದುಕಿದವರು. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತಿತ್ತು. ತಮಗೆ ಕೇಳಿಸದ್ದು ಎದುರಿನವರಿಗೂ ಕೇಳಿಸುವುದಿಲ್ಲ ಎಂದು ನಂಬಿದ್ದರೋ ಏನೋ, “ಊಟ ಆಯ್ತಾ?” ಎಂದು ಕೇಳಿದರೂ ಜಗಳಕ್ಕೆ ಬಂದಂತಿರುತ್ತಿತ್ತು. ಹೊಸಬರು ಹೆದರಿ ಒಂದು ಹೆಜ್ಜೆ ಹಿಂದೆ ಸರಿಯುವರು. ಇಂಥ ಮನುಷ್ಯ ಕಡೆಗಾಲದಲ್ಲಿ ನಡೆಸಿದ್ದು ಎಳೆ ಮಕ್ಕಳು ಮಲಗುವ ಒಂದು ಜಾಗವನ್ನು!

ಆಗ ನಾವು ಬಾಗಲಗುಂಟೆಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಮುನಿರಾಜಣ್ಣನ ಶೆಡ್ಡಿನಲ್ಲಿ ಪ್ರೆಸ್ ನಡೆಸುತ್ತಿದ್ದರು, ನಾನು ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ಬಟ್ಟೆ ಚೆಕ್ ಮಾಡುವ ಕೆಲಸದಲ್ಲಿದ್ದೆ. ಮಗಳು ಪಲ್ಲವಿ ಇನ್ನೂ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದಳು. ಅವಳನ್ನೂ ಇನ್ನಷ್ಟು ಮಕ್ಕಳನ್ನೂ ಕೊಪ್ಪಳದ ಕಡೆಯ ಯಲ್ಲವ್ವ ಎಂಬಾಕೆ ತನ್ನ ಒಂದೇ ಕೋಣೆಯ ಮನೆಯಲ್ಲಿ ನೋಡಿಕೊಳ್ಳುತ್ತಿದ್ದಳು.

ಎಲ್ಲ ಕಡೆ ಆರ್ಡರ್ ನಿಂತುಹೋದ ಆ ವರ್ಷ ಮುನಿರಾಜಣ್ಣನ ಶೆಡ್ಡೂ ಮುಚ್ಚಿತು. ಪ್ರೆಸ್ಸುಗಳನ್ನು ಲಾರಿಗೆ ಏರಿಸುವಾಗ ಅವರು ಒಳಗೆ ನಿಲ್ಲಲಾರದೆ ಎದುರಿನ ಟೀ ಅಂಗಡಿಯಲ್ಲಿ ಈ ಕಡೆಗೆ ಬೆನ್ನು ಹಾಕಿ ಕೂತಿದ್ದರು ಎಂದು ನನ್ನ ಗಂಡ ಬಂದು ಹೇಳಿದರು. ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಆದರೆ ಆ ಹೊತ್ತಿಗೇ ಯಲ್ಲವ್ವನ ಮನೆ ಓನರ್, “ಇದು ಮನೆನಾ ಸಂತೆನಾ? ಈ ತಿಂಗಳಿಗೆ ಮಕ್ಕಳನ್ನೆಲ್ಲ ನಿಲ್ಲಿಸು, ಇಲ್ಲಾ ಖಾಲಿ ಮಾಡು” ಎಂದುಬಿಟ್ಟ. ನಮಗೆಲ್ಲ ದಿಕ್ಕೇ ತೋಚಲಿಲ್ಲ. ನಮ್ಮ ಸಾಲಿನಲ್ಲೇ ಒಬ್ಬಳು ಮಗುವನ್ನು ಒಳಗೆ ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋಗುತ್ತಿದ್ದಳು. ಆ ಮಗು ಕಿಟಕಿ ಸರಳು ಹಿಡಿದು ನಿಂತಿರುವುದನ್ನು ನೋಡಿದ ಮೇಲೆ ನನಗೆ ಅನ್ನ ಸೇರುತ್ತಿರಲಿಲ್ಲ. ಕೆಲಸ ಬಿಡುವುದೊಂದೇ ನನಗೆ ಉಳಿದಿದ್ದ ದಾರಿ.

ಬಿಡುವ ಮುಂಚೆ ಒಂದು ಮಾತು ಕೇಳಿ ನೋಡೋಣ ಎಂದು ಪಲ್ಲವಿಯನ್ನು ಸೊಂಟಕ್ಕೇರಿಸಿಕೊಂಡು ಮುನಿರಾಜಣ್ಣನ ಬಳಿ ಹೋದೆ. ಖಾಲಿ ಶೆಡ್ಡಿನಲ್ಲಿ ಒಬ್ಬರೇ ಒಂದು ಸ್ಟೂಲಿನ ಮೇಲೆ ಕೂತಿದ್ದರು.

“ಅಣ್ಣಾ, ನಮ್ಮ ಮಕ್ಕಳಿಗೆ ಈ ಶೆಡ್ಡು ಕೊಡ್ತೀರಾ?” ಎಂದೆ.

“ಏನು?”

ಇನ್ನೊಂದು ಸಲ ಕೂಗಿ ಹೇಳಿದೆ.

“ಗೋಡೌನ್ ಮಾಡ್ತೀವಿ ಅಂತ ಒಬ್ರು ಬಂದವ್ರೆ ಕಣಮ್ಮ. ಇದು ಕಬ್ಬಿಣ ಕುಟ್ಟೋ ಜಾಗ. ಇಲ್ಲಿ ಮಕ್ಳು ಬಿಟ್ರೆ ಬದುಕ್ತಾವಾ?”

ಅಷ್ಟರಲ್ಲಿ ಪಲ್ಲವಿ ಕೆಳಗಿಳಿದು ಎಣ್ಣೆ ಜಿಡ್ಡಿನ ನೆಲದಲ್ಲಿ ಅಂಗೈ ಊರಿದಳು. ಅವರು ಸ್ಟೂಲಿನಿಂದ ಹಾರಿ ಬಂದು ಅವಳನ್ನು ಎತ್ತಿಕೊಂಡರು. “ಏಯ್, ಚೂರು ಅದೆ, ಚುಚ್ಚುತ್ತೆ!” ಎಂದು ಗುಡುಗಿದರು. ಮಗು ಅಳುತ್ತದೆ ಎಂದುಕೊಂಡೆ. ಅವಳು ಆ ಗಂಟಲು ಎಲ್ಲಿಂದ ಬಂತು ಎಂದು ಹುಡುಕುವಂತೆ ಅವರ ಬಾಯೊಳಗೆ ಕೈ ಹಾಕಿದಳು.

ಮಾರನೆಯ ಬೆಳಿಗ್ಗೆ ಮುನಿರಾಜಣ್ಣ ಯಲ್ಲವ್ವನ ಕೋಣೆಗೆ ಬಂದು, ಬಾಗಿಲಲ್ಲೇ ನಿಂತು, ಕಾಲಿಡಲು ಜಾಗವಿಲ್ಲದಂತೆ ಮಲಗಿದ್ದ ಮಕ್ಕಳನ್ನು ನೋಡಿ ಹೋದರಂತೆ. ಹೋಗುವಾಗ ಒಂದೇ ಮಾತು: “ಗೋಡೌನ್‌ನೋರ್ಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ಏಳ್ತೀನಿ.”

ಯಲ್ಲವ್ವ ಮನೆ ಓನರ್‌ಗೆ ಕೈಮುಗಿದು ಯುಗಾದಿಯವರೆಗೆ ಗಡುವು ಕೇಳಿಕೊಂಡಳು. ಅಲ್ಲಿಂದ ಶುರುವಾಯಿತು ಮುನಿರಾಜಣ್ಣನ ಕೆಲಸ. ಬೇಕಾದ ಕಡೆ ಗಾರೆಯವರನ್ನು ಕರೆಸಿಕೊಂಡರೂ ಮುಕ್ಕಾಲು ಪಾಲು ಅವರೇ ಮಾಡಿದರು. ನೆಲದಲ್ಲಿ ಮೊಳಕೆಯಂತೆ ಎದ್ದು ನಿಂತಿದ್ದ ಪ್ರೆಸ್ಸುಗಳ ಬೋಲ್ಟುಗಳನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದರು. ಎಣ್ಣೆ ಕುಡಿದ ನೆಲಕ್ಕೆ ಮರದ ಹೊಟ್ಟು ಸುರಿದು, ಗುಡಿಸಿ, ಸೋಡಾ ಹಾಕಿ ಉಜ್ಜಿದರು. ಆಮೇಲೆ ಒಂದು ದೊಡ್ಡ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ, ಅದನ್ನು ನಾಯಿ ವಾಕಿಂಗ್ ಕರೆದೊಯ್ಯುವವರಂತೆ ಮೂಲೆ ಮೂಲೆಗೂ ಎಳೆದಾಡಿದರು. ಪ್ರತಿ ಸುತ್ತಿಗೂ ಕಬ್ಬಿಣದ ಚೂರುಗಳು ಮುಳ್ಳುಹಂದಿಯ ಮೈಯಂತೆ ಅದಕ್ಕೆ ಅಂಟಿಕೊಂಡು ಬರುತ್ತಿದ್ದವು. ಒಂದೂ ಬಾರದ ದಿನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಡೀ ಶೆಡ್ಡು ತಿರುಗಿದರು. ಅದಾದ ಮೇಲೆಯೇ ಹೊಸ ನೆಲ ಹಾಕಿಸಿದ್ದು.

“ಹೇಗಿದ್ರೂ ಮೇಲೆ ಟೈಲ್ಸ್ ಬರುತ್ತಲ್ಲಣ್ಣ, ಕೆಳಗೆ ಚೂರಿದ್ರೇನು?” ಎಂದು ಕೇಳಿದೆ.

“ನಂಗೆ ಗೊತ್ತಿರುತ್ತಲ್ಲಮ್ಮ ಕೆಳಗದೆ ಅಂತ” ಎಂದರು.

ಶೆಡ್ಡಿಗೆ ಕಿಟಕಿಯೇ ಇರಲಿಲ್ಲ, ಮೇಲೆಲ್ಲೋ ಎರಡು ಜಾಲರಿ ಅಷ್ಟೆ. ಮಕ್ಕಳು ನಿಂತು ಹೊರಗೆ ನೋಡುವಷ್ಟು ಎತ್ತರದಲ್ಲಿ ಗೋಡೆ ಒಡೆಸಿ ಕಿಟಕಿ ಇಡಿಸಿದರು. ಎತ್ತರ ಗೊತ್ತಾಗಲೆಂದು ಪಲ್ಲವಿಯನ್ನೇ ಗೋಡೆಗೆ ಆನಿಸಿ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದು ನನಗೆ ಚೆನ್ನಾಗಿ ನೆನಪಿದೆ. ಬಿಸಿಲಿಗೆ ಕಾಯುವ ಶೀಟಿನ ಕೆಳಗೆ ಬಿದಿರಿನ ಚಾಪೆ ಬಂತು, ಮೂಲೆಯಲ್ಲಿ ಅಡುಗೆಗೊಂದು ಕಟ್ಟೆ ಬಂತು. ಯಾರಾದರೂ ದಾರಿಯಲ್ಲಿ ನಿಂತು “ಫ್ಯಾಕ್ಟರಿಗೆ ಎಂಥ ಗತಿ ಬಂತು ಮುನಿರಾಜು” ಎಂದರೆ ಅವರ ಉತ್ತರ ಸಿದ್ಧವಿರುತ್ತಿತ್ತು: “ಗೋಡೆಗೆ ಕಸುಬು ಅಂತ ಇರ್ತದಾ ಗುರು? ಒಳ್ಗೆ ಯಾರಿರ್ತಾರೋ ಅವರ ಕಸುಬೇ ಅದರ ಕಸುಬು.”

ಭಾರ ಎತ್ತಲೆಂದು ಮೇಲೆ ಒಂದು ಕಬ್ಬಿಣದ ತೊಲೆ ಇತ್ತು. ಅದನ್ನು ಬಿಚ್ಚಿಸುವುದೇ ಬಿಡುವುದೇ ಎಂಬ ಮಾತು ಬಂದಾಗ ಯಲ್ಲವ್ವ ಕತ್ತೆತ್ತಿ ನೋಡಿ, “ಇರ್ಲಿ ಬಿಡ್ರಿ ಅಣ್ಣಾರ. ಜೋಲಿ ಕಟ್ಟಾಕ ಇದರಂಥಾದ್ದು ಎಲ್ಲಿ ಸಿಗತೈತ್ರಿ?” ಎಂದಳು. ತನ್ನದೇ ಒಂದು ಹಳೆ ಸೀರೆ ತಂದು ತೊಲೆಗೆ ಜೋಲಿ ಕಟ್ಟಿದಳು. ಮಗು ಹಾಕುವ ಮುಂಚೆ ಪರೀಕ್ಷೆ ಆಗಬೇಕು ಎಂದರು ಮುನಿರಾಜಣ್ಣ. ಅಕ್ಕಿ ಮೂಟೆ ಇಟ್ಟು ನೋಡುತ್ತಾರೇನೋ ಎಂದುಕೊಂಡರೆ, ಪಂಚೆ ಎತ್ತಿ ಕಟ್ಟಿ ತಾವೇ ಹತ್ತಿ ಕೂತರು. ಅವರದು ಸಣ್ಣ ದೇಹವೇನಲ್ಲ. ಸೀರೆ ಜಗ್ಗಿ ನೆಲ ಮುಟ್ಟುವಂತಾಯಿತು. “ತೂಗವ್ವ!” ಎಂದು ಒಳಗಿನಿಂದ ಅಪ್ಪಣೆಯಾಯಿತು. ಯಲ್ಲವ್ವ ನಗುತ್ತಾ ನಗುತ್ತಾ ತೂಗಿದಳು. ಇಳಿಯಲು ಮಾತ್ರ ಆಗಲಿಲ್ಲ. ಗಾರೆ ಕೆಲಸದವರಿಬ್ಬರು ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕಾಯಿತು. ಪ್ರೆಸ್ಸುಗಳು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಅವತ್ತೇ.

ಉಳಿದದ್ದು ಹಿಂದಿನ ಬಾಗಿಲು. ಶೆಡ್ಡಿಗೆ ರಸ್ತೆ ಕಡೆಯ ಶಟರ್ ಒಂದೇ ದಾರಿ. “ಒಂದೇ ಬಾಗ್ಲಿರೋ ಕಡೆ ಮಕ್ಳು ಬುಡಾಕಿಲ್ಲ” ಎಂದು ಹಟ ಹಿಡಿದರು. ಹಿಂಗೋಡೆ ಒಡೆದರೆ ಸಿಗುವುದು ಶಿವಣ್ಣ ಎಂಬವರ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯ ಅಂಗಳ. ಅವರು ಒಪ್ಪಲಿಲ್ಲ. ಕಳ್ಳರಿಗೆ ದಾರಿಯಾಗುತ್ತದೆ ಎಂದರು. ಮುನಿರಾಜಣ್ಣ ಜಗಳವಾಡಲಿಲ್ಲ. ದಿನಾ ಬೆಳಿಗ್ಗೆ ಶಿವಣ್ಣನವರ ಆಫೀಸಿಗೆ ಹೋಗಿ, ಎದುರಿಗೆ ಕೂತು, ಅವರದೇ ಟೀ ಕುಡಿಯುತ್ತಾ, ಮಳೆ ಬೆಳೆ ರಾಜಕೀಯ ಎಲ್ಲವನ್ನೂ ತಮ್ಮ ಎಂದಿನ ದನಿಯಲ್ಲಿ ಮಾತಾಡತೊಡಗಿದರು. ಶಿವಣ್ಣನವರಿಗೆ ಫೋನ್ ಕೇಳಿಸುತ್ತಿರಲಿಲ್ಲ, ಬಂದ ಗಿರಾಕಿ ನಿಲ್ಲುತ್ತಿರಲಿಲ್ಲ. ಒಂದು ದಿನ ಅವರು ಎರಡೂ ಕೈ ಜೋಡಿಸಿ, “ಮಾರಾಯಾ, ಬಾಗಿಲು ಇಟ್ಕೋ. ಕಿಟಕಿನೂ ಇಟ್ಕೋ. ನಾಳೆಯಿಂದ ಟೀ ನಿಮ್ಮನೇಲಿ ಕುಡಿ” ಎಂದರಂತೆ.

ಯುಗಾದಿ ಕಳೆದ ಮೇಲೆ ಮಕ್ಕಳು ಬಂದರು. ಅಷ್ಟು ಮಕ್ಕಳು ಯಲ್ಲವ್ವ ಒಬ್ಬಳ ಕೈಲಾಗದೆ, ಗಾರ್ಮೆಂಟ್ಸ್ ಬಿಟ್ಟು ನಾನೂ ಅವಳ ಜೊತೆ ಅಲ್ಲೇ ಕೆಲಸಕ್ಕೆ ನಿಂತೆ. ಮುನಿರಾಜಣ್ಣ ದಿನವೂ ಬರುವರು. ಮಕ್ಕಳು ಮಲಗಿರುವಾಗ ಅವರು ಮಾತಾಡಕೂಡದು ಎಂದು ಯಲ್ಲವ್ವ ಕಟ್ಟುನಿಟ್ಟು ಮಾಡಿದ್ದಳು. ಪಾಪ, ಕೈಸನ್ನೆಯಲ್ಲೇ ಎಲ್ಲ ಹೇಳುವರು. ಅವರು ಬಾಯಿ ತೆರೆದರೆ ಸಾಕು, ಆಕೆ ಸೌಟು ಎತ್ತುತ್ತಿದ್ದಳು.

ಮರು ಬೇಸಿಗೆಯ ಒಂದು ಮಧ್ಯಾಹ್ನ ಪಕ್ಕದ ಶೆಡ್ಡಿನಲ್ಲಿ ಬಣ್ಣದ ಥಿನ್ನರ್ ಡ್ರಮ್ಮಿಗೆ ಬೆಂಕಿ ಬಿತ್ತು. ಮಕ್ಕಳೆಲ್ಲ ಗಾಢ ನಿದ್ದೆಯಲ್ಲಿದ್ದರು. ರಸ್ತೆಯಲ್ಲಿ ಕೂಗಾಟ ಕೇಳಿ ನಾನು ಶಟರ್ ಹತ್ತಿರ ಹೋಗುವಷ್ಟರಲ್ಲಿ ಅದರ ಸಂದಿಯಿಂದ ಕರಿ ಹೊಗೆ ಒಳಗೆ ಹರಿದು ಬರುತ್ತಿತ್ತು. ತಗಡು ಮುಟ್ಟಲಾಗದಷ್ಟು ಕಾದಿತ್ತು. ಆ ಕಡೆಯಿಂದ ಹೋಗುವ ಮಾತೇ ಇರಲಿಲ್ಲ.

ಒಳಗೆ ಹಿಂಬದಿಯಲ್ಲಿ ಕೂತಿದ್ದ ಮುನಿರಾಜಣ್ಣನಿಗೆ ಕೂಗು ಕೇಳಿಸಿರಲಿಲ್ಲ, ಆದರೆ ವಾಸನೆ ಬಂದಿತ್ತು. ನಾನು ತಿರುಗುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದಾಗಿತ್ತು. “ಎತ್ಕೊಡಿ! ಎತ್ಕೊಡಿ!” ಎಂದು ಅವರು ಅರಚಿದ್ದು ಶಿವಣ್ಣನವರ ಕಾರ್ಖಾನೆಯ ಕೊನೆಯ ಮೂಲೆಗೂ ಮುಟ್ಟಿತು. ಡಬ್ಬಿ ಮಡಚುತ್ತಿದ್ದವರೆಲ್ಲ ಎದ್ದು ಓಡಿಬಂದು ಸಾಲಾಗಿ ನಿಂತರು. ಯಲ್ಲವ್ವ ಜೋಲಿಗಳಿಂದ ಎತ್ತಿ ಎತ್ತಿ ಕೊಟ್ಟಳು, ನಾನು ಯಾರ ಮಗುವೆಂದೂ ನೋಡದೆ ಚಾಪೆಯ ಮೇಲಿನ ಮಕ್ಕಳನ್ನು ಕೊಟ್ಟೆ. ಕೈಯಿಂದ ಕೈಗೆ ಮಕ್ಕಳು ಅಂಗಳ ಸೇರಿದರು. ಹೊಗೆಯಲ್ಲಿ ಕಣ್ಣು ಬಿಡಲಾಗದೆ, ನೆಲವನ್ನೆಲ್ಲ ಕೈಯಲ್ಲಿ ತಡವಿ, ಯಾರೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ನಾವು ಹೊರಬಂದೆವು.

ಅಂಗಳದಲ್ಲಿ ರಟ್ಟಿನ ಹಾಳೆಗಳ ಮೇಲೆ ಮಕ್ಕಳು ಅಳುತ್ತಾ ಕೂತಿದ್ದರು. ಒಂದೊಂದೇ ಮುಖ ನೋಡಿದೆ. ಪಲ್ಲವಿ ಇಲ್ಲ. ಮತ್ತೆ ನೋಡಿದೆ. ಇಲ್ಲ. ನಾನು ಬಾಗಿಲ ಕಡೆ ಓಡಿದೆ. ಯಲ್ಲವ್ವ ಸೊಂಟ ಹಿಡಿದು ಜಗ್ಗಿ, “ಒಳಗ ಯಾರೂ ಇಲ್ಲವ್ವಾ, ನಾನು ನೋಡೇನಿ” ಎಂದರೂ ಕೇಳಲಿಲ್ಲ. “ಪಲ್ಲವಿ! ಮುನಿರಾಜಣ್ಣಾ! ಪಲ್ಲವಿ ಎಲ್ಲಿ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರೂ ಓಗೊಡಲಿಲ್ಲ.

ಆಗ ಕಂಡರು ಅವರು. ಅಂಗಳದ ತುದಿಯ ಬೇವಿನ ಮರದಡಿ, ಹೊಗೆ ತಾಗದಿರಲೆಂದು ನಮ್ಮ ಕಡೆ ಬೆನ್ನು ಮಾಡಿ ನಿಂತು, ಟವಲ್ ಹೊದಿಸಿದ ಯಾವುದೋ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದರು. ಟವಲಿನ ಕೆಳಗಿಂದ ನನ್ನ ಮಗಳ ಗೆಜ್ಜೆ ಕಾಲು ಇಣುಕುತ್ತಿತ್ತು. ಅಷ್ಟೆಲ್ಲ ರಂಪದಲ್ಲೂ ಅವಳಿಗೆ ಎಚ್ಚರವೇ ಆಗಿರಲಿಲ್ಲ! ನಾನು ಹೋಗಿ ತೋಳು ಹಿಡಿದಾಗ ಅವರು ಬೆಚ್ಚಿ ತಿರುಗಿ, “ಯಾಕಮ್ಮ ಅಳ್ತಿದೀಯಾ? ಏನಾಯ್ತು?” ಎಂದು ಗುಡುಗಿದರು. ಆ ಗುಡುಗಿಗೆ ಪಲ್ಲವಿ ಎದ್ದು ಕಿಟಾರನೆ ಚೀರಿದಳು. ಅವಳ ಅಳು ಕೇಳಿ ನನ್ನ ಜೀವ ತಣ್ಣಗಾಯಿತು. ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ನಗತೊಡಗಿದೆನಂತೆ. ಯಲ್ಲವ್ವ ಆಮೇಲೆ ಹೇಳಿದ್ದು.

ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು. ಶಟರ್ ಸುಟ್ಟಿತ್ತು, ಮುಂಭಾಗದ ಶೀಟು ಸೀಳಿತ್ತು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಗಾರ್ಮೆಂಟ್ಸಿನಿಂದ ತಾಯಂದಿರು ಕೊರಳಲ್ಲಿ ಇಂಚುಪಟ್ಟಿ ಹಾಗೇ ನೇತಾಡುತ್ತಿರಲು ಓಡಿಬಂದರು. ತಮ್ಮ ತಮ್ಮ ಮಕ್ಕಳನ್ನು ಬಾಚಿಕೊಂಡರು. ಶಿವಣ್ಣನವರು ಒಂದು ಮೂಲೆಯಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

“ಈಗ್ಲೂ ಕಳ್ಳರ ಭಯನಾ ಶಿವಣ್ಣ?” ಎಂದರು ಮುನಿರಾಜಣ್ಣ.

“ನೀನು ಮತ್ತೆ ಟೀಗೆ ಬರ್ತೀಯಲ್ಲಾ ಅನ್ನೋದೊಂದೇ ಭಯ” ಎಂದರು ಅವರು. ಅಷ್ಟು ಹೇಳಿ ಮುನಿರಾಜಣ್ಣನನ್ನು ತಬ್ಬಿಕೊಂಡರು.

ಸುಟ್ಟದ್ದನ್ನೆಲ್ಲ ಸರಿಮಾಡಿಕೊಂಡು ಮತ್ತೆ ನಡೆಸಿದೆವು. ಮಕ್ಕಳು ಹೆಚ್ಚಾದರು. ಪಲ್ಲವಿಯಂಥವರು ದೊಡ್ಡವರಾಗಿ, ಶಾಲೆ ಬಿಟ್ಟ ಮೇಲೆ ಬಂದು ಓದಿಕೊಳ್ಳಲು ಜಾಗ ಬೇಕೆಂದರು. ತುಮಕೂರು ರಸ್ತೆಯ ಮೇಲೆ ಮೆಟ್ರೋ ಓಡಾಡಲು ಶುರುವಾದ ಕಾಲಕ್ಕೆ, ಶೆಡ್ಡಿನೊಳಗೇ ಹಿಂಭಾಗದಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಮೇಲೊಂದು ಕೋಣೆ ಎಬ್ಬಿಸಿದೆವು. ಮುನಿರಾಜಣ್ಣನಿಗೆ ಆ ಹೊತ್ತಿಗೆ ಉಬ್ಬಸ ಜಾಸ್ತಿಯಾಗಿ ಮನೆ ಬಿಟ್ಟು ಹೊರಡುವುದು ಕಡಿಮೆಯಾಗಿತ್ತು. ಕೋಣೆ ಮುಗಿದ ದಿನ ಆಟೋ ಮಾಡಿಕೊಂಡು ಬಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ವಾರ ನಿದ್ದೆಯಲ್ಲೇ ಹೋಗಿಬಿಟ್ಟರು.

ಅವತ್ತು ನಿಧಾನವಾಗಿ ಮೆಟ್ಟಿಲು ಹತ್ತಿ, ಹೊಸ ಕೋಣೆಯ ಮುಂದಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸಂಜೆಯಾಗಿತ್ತು. ಪಾಳಿ ಬಿಟ್ಟು ಬಂದ ತಾಯಂದಿರು ಕೆಳಗೆ ಒಬ್ಬೊಬ್ಬರಾಗಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಮುನಿರಾಜಣ್ಣ ಮೇಲಿನಿಂದ ಒಂದೊಂದು ಮಗುವನ್ನೂ ನೋಡಿದರು. ಆಮೇಲೆ, ಜೀವನದಲ್ಲೇ ಮೊದಲ ಸಲವೋ ಎಂಬಂತೆ, ಮೆಲ್ಲಗೆ ಮಾತಾಡಿದರು.

“ಪ್ರೆಸ್ಸಿನ ಕೆಲಸ ನಿಂಗೊತ್ತಿಲ್ಲ ಕಣಮ್ಮ. ಒಂದು ಗಳಿಗೆ ಕಣ್ಣು ಆ ಕಡೆ ಓದ್ರೆ ಬೆರಳು ಓಯ್ತದೆ. ನನ್ ಶೆಡ್ಡಲ್ಲೂ ಓಗವೆ. ಅಷ್ಟೂ ವರ್ಷ ದಿನಾ ಸಂಜೆ ಆಳುಗಳು ಮನೆಗೆ ಒಂಟಾಗ ನಾನು ಮೊದ್ಲು ನೋಡ್ತಿದ್ದಿದ್ದೇ ಅವರ ಕೈನ. ನಿನ್ ಗಂಡನ ಕೈನೂ ನೋಡಿವ್ನಿ.”

ಕೆಳಗೆ ಹೊರಟಿದ್ದ ಮಕ್ಕಳ ಕಡೆ ಕೈ ತೋರಿದರು. “ಈಗ ನೋಡು. ಬೆಳಿಗ್ಗೆ ಎಂಗೆ ಬಂದ್ವೋ ಅಂಗೇ ಓಯ್ತಾ ಅವೆ.”

ಕೆಳಗೆ ಯಲ್ಲವ್ವ ಕಡೆಯ ಮಗುವಿನ ಮುಖ ಒರೆಸಿ ತಾಯಿಯ ಕೈಗೆ ಕೊಟ್ಟಳು. ಮಗು ಮೇಲೆ ನೋಡಿ ಕೈ ಬೀಸಿತು. ಅವರೂ ಬೀಸಿದರು.

“ಎಲ್ಲಾ ಓದ್ವಾ?” ಎಂದರು.

“ಹೋದವು ಅಣ್ಣಾ.”

“ಸರಿ ಅಂಗಾದ್ರೆ” ಎಂದು ನನ್ನ ಭುಜದ ಮೇಲೆ ಕೈಯೂರಿ ಎದ್ದರು.