ಮುಟ್ಟಲು ಬಾರದ ಪುಸ್ತಕದ ರೇಟು

ಸಾವಕಾರರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಒಂದನ್ನೊಂದು ತಿಕ್ಕುತ್ತಿದ್ದವು. ಸವಣೂರಿನ ತಮ್ಮ ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗು ಹಿಡಿದು ನೂಲು ನೋಡಿ ನೋಡಿ ನುಣುಪಾದ ಬೆರಳು. ಆ ಸೀರೆಗಳಿಗೆ ಫಾಲ್ ಹಚ್ಚಿಯೇ ನಾನು ಮಕ್ಕಳನ್ನು ಸಾಕಿದ್ದು. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಇಷ್ಟು ಬರೆಯಲು ಕೂತಿದ್ದು, ಮೊಮ್ಮಗಳು ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಖುಷಿಗೆ. ಸಾವಕಾರರು ಇರದಿದ್ದರೆ ಅವಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಅವಳ ಕಣ್ಣು ಮಂದ. ಅವಳು ಓದುತ್ತಿದ್ದಾಗ ಪರೀಕ್ಷೆಗೆ ಬೇಕಾದ ಒಂದು ಪುಸ್ತಕ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದುವಂಥದ್ದು, ಪರದೇಶದ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಇತ್ತು. ನಮ್ಮ ಕಾರ್ಡು ಅಲ್ಲಿ ನಡೆಯಲಿಲ್ಲ.

"ಅಜ್ಜಿ, ಈ ಸಲ ಪರೀಕ್ಷಾ ಬಿಟ್ಟುಬಿಡ್ತೇನಿ" ಎಂದಳು. ಒಮ್ಮೆ ಬಿಟ್ಟರೆ ಮತ್ತೆ ಓದುವವಳಲ್ಲ.

ಹೊರದೇಶಕ್ಕೆ ನಡೆಯುವ ಕಾರ್ಡು ಸಾವಕಾರರ ಹತ್ತಿರವಿತ್ತು. ಅವಳನ್ನು ಕರೆದುಕೊಂಡು ಅವರ ಅಂಗಡಿಗೆ ಹೋದೆ. ಯಾರೋ ಫೋನಿನಲ್ಲಿ ಮರುಳು ಮಾತಾಡಿ ಅವರ ತಮ್ಮನ ಖಾತೆಯ ರೊಕ್ಕವನ್ನೆಲ್ಲ ಬಳಿದುಕೊಂಡ ಮೇಲೆ ಆ ಕಾರ್ಡನ್ನು ತಿಜೋರಿಯಲ್ಲಿ ಅಡಗಿಸಿದ್ದರು. ಕೇಳಿದಾಗ ಹಿಂಜರಿದರು. ಆದರೂ ತೆಗೆದರು. ಪುಸ್ತಕಕ್ಕೆಂದು ಕೂಡಿಸಿಟ್ಟ ರೊಕ್ಕ ನಾನು ಅವರ ಕೈಗೆ ಕೊಟ್ಟೆ.

"ರೇಟೆಷ್ಟವ್ವಾ?" ಎಂದು ಮೊಮ್ಮಗಳನ್ನು ಕೇಳಿದರು.

"ನಲವತ್ತು ಡಾಲರ್ ರೀ ಕಾಕಾ. ರೂಪಾಯಿ ಲೆಕ್ಕ ದಿನಾ ಬ್ಯಾರೆ ಆಗ್ತೇತಿ."

"ಮುಟ್ಟಾಕ ಬರೂದಿಲ್ಲ, ಮಡಚಾಕ ಬರೂದಿಲ್ಲ, ಮ್ಯಾಲ ದಿನಾ ಬ್ಯಾರೆ ರೇಟು! ಅದು ಅವರೂರಿನ ರೇಟು. ನಾವು ಸವಣೂರಿನವರು ಅಂತ ಹೇಳು ಆ ಪುಣ್ಯಾತ್ಮಗ."

ಮೊಮ್ಮಗಳು ನಕ್ಕಳು. ಅವರ ಹಟಕ್ಕೆ ಫೋನಿನಲ್ಲಿ ಆ ಅಂಗಡಿಯೊಳಗೆ ಹುಡುಕಿದಾಗ, ಕೊಳ್ಳುವವರ ದೇಶ ಅಮೆರಿಕ ಎಂದಿತ್ತು. ಭಾರತ ಎಂದು ಬದಲಿಸಿದಳು. ಬೆಲೆ ರೂಪಾಯಿಗೆ ಬಂತು, ಅರ್ಧಕ್ಕೂ ಕಡಿಮೆ!

"ಮೊದಲನೇ ರೇಟಿಗೆ ಯಾರರ ತಗೋತಾರೇನ?" ಎಂದು ಸಾವಕಾರರು ಬೀಗಿದರು.

ಗುಂಡಿ ಒತ್ತಿದ್ದೇ ತಡ, ಬ್ಯಾಂಕಿನ ಸಂದೇಶ ಬಂತು. ಅದರಲ್ಲಿ ರೊಕ್ಕ ಕಡಿತವಾದದ್ದು ಡಾಲರಿನಲ್ಲಿ! ಪುಸ್ತಕ ಮಾತ್ರ ಬರಲಿಲ್ಲ. ಪರದೆಯ ಮೇಲೆ ಚಕ್ರ ಸುಮ್ಮನೆ ತಿರುಗುತ್ತಿತ್ತು. ತಮ್ಮನ ಹಾಗೆ ಇವರ ಖಾತೆಯೂ ಹೋಯಿತೆಂದುಕೊಂಡೆ. ಅವರ ಬೆರಳು ತಿಕ್ಕುವುದು ನಿಂತಿತ್ತು.

"ಸಾವಕಾರ್ರ, ನಮ್ಮಿಂದ ನಿಮಗ ಇದೆಂಥಾ ಗತಿ ಬಂತರಿ!"

"ಸುಮ್ನ ಕುಂದ್ರ ಯವ್ವಾ. ನನಗೂ ಅಂಜಿಕಿ ಆಗೇತಿ. ಇಬ್ಬರೂ ಅಂಜಿದ್ರ ಹುಡುಗಿಗೆ ಯಾರು ಧೈರ್ಯ ಹೇಳಬೇಕು?"

ಮೊಮ್ಮಗಳು ಲೆಕ್ಕ ಹಾಕಿದಳು. ಅದೇ ರೂಪಾಯಿಯನ್ನು ಡಾಲರಿನಲ್ಲಿ ಬರೆದಿದ್ದರು, ಬ್ಯಾಂಕಿನವರ ಶುಲ್ಕವೂ ಒಂದಿಷ್ಟು ಸೇರಿಸಿ. ಖಾತೆಗೆ ಏನೂ ಆಗಿರಲಿಲ್ಲ. ಅಷ್ಟರಲ್ಲಿ ಪುಸ್ತಕ ತೆರೆದುಕೊಂಡಿತು. ಅವರೆಕಾಳಿನಷ್ಟು ದಪ್ಪ ಅಕ್ಷರ! ಅಲ್ಲೇ ಗಟ್ಟಿಯಾಗಿ ಓದಿದಳು. ಇಂಗ್ಲಿಷು ನಮ್ಮಿಬ್ಬರಿಗೂ ತಿಳಿಯದು. ನಿಲ್ಲಿಸಿದರೆ ಸಾವಕಾರರು ಬಿಡಲಿಲ್ಲ.

"ಇನ್ನೊಂದು ಹಾಳಿ ಓದವ್ವಾ, ರೊಕ್ಕ ಕೊಟ್ಟೇವಿ!"

ಅವಳು ಪಾಸಾದದ್ದು ಅವರಿಗೆ ಗೊತ್ತಾಯಿತು. ಅವಳಿಗೆ ಕೆಲಸ ಸಿಗುವ ಮೊದಲೇ ತೀರಿಕೊಂಡರು. ಮೊನ್ನೆ ಪೇಡೆ ಹಿಡಿದು ಅವರ ಮಗನ ಮುಂದೆ ನಿಂತಾಗ, ಅಳುವೂ ಖುಷಿಯೂ ಒಟ್ಟಿಗೆ ಉಕ್ಕಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮೊಮ್ಮಗಳೇ ಹೇಳಿದಳು:

"ಅಣ್ಣಾರ, ನಿಮ್ಮ ಅಪ್ಪಾರು ಕೊಡಿಸಿದ್ರಲ್ಲ, ಆ ಪುಸ್ತಕನ ಈಗ ಮಕ್ಕಳಿಗೆ ಪಾಠ ಮಾಡಾಕತ್ತೇನ್ರಿ."