ಅವ್ವ ಸಾರು ಮಾಡಿದ ಹುರುಳಿಕಾಳು

ಮಕ್ಕಳೇ, ಸಾಸ್ವೆಹಳ್ಳಿಯಲ್ಲಿ ನಾನು ಹೈಸ್ಕೂಲು ಓದುವಾಗ, ಜೀವಶಾಸ್ತ್ರದಲ್ಲಿ ಇನ್ನೊಮ್ಮೆ ಫೇಲಾದರೆ ಶಾಲೆ ಬಿಡಿಸುವುದಾಗಿ ಅಪ್ಪ ಹೇಳಿದ್ದರು. ನಮ್ಮ ಮೇಷ್ಟ್ರು ಬಾಯಿಪಾಠಕ್ಕೆ ಅಂಕ ಕೊಡುತ್ತಿರಲಿಲ್ಲ. ಕಾಳು ಮೊಳೆಯಲು ಬೆಳಕು ಬೇಕೋ ಬೇಡವೋ, ನೀವೇ ನೋಡಿ, ತಂದು ತೋರಿಸಿ ಎಂದರು. ನಾನು ನೆನೆಸಿದ ಹುರುಳಿಕಾಳನ್ನು ಒಂದು ತಟ್ಟೆಯಲ್ಲಿ ಕಿಟಕಿಯ ಬಳಿ, ಇನ್ನಷ್ಟನ್ನು ಮುಚ್ಚಿದ ಮಡಕೆಯಲ್ಲಿ ಇಟ್ಟೆ. ನಾಲ್ಕು ದಿನ ಅತ್ತ ತಿರುಗಿಯೂ ನೋಡಲಿಲ್ಲ. ತೋರಿಸಬೇಕಾದ ದಿನ ಎದ್ದು ನೋಡಿದರೆ, ಅವ್ವ ಎರಡನ್ನೂ ಸೇರಿಸಿ ಸಾರು ಮಾಡಿದ್ದಳು.

ತರಗತಿಯಲ್ಲಿ ಬರಿಗೈಯಲ್ಲಿ ನಿಂತೆ.

“ಕಾಳು ಎಲ್ಲೇ ಹುಡುಗಿ?” ಎಂದರು ಮೇಷ್ಟ್ರು.

“ಅವ್ವ ಸಾರು ಮಾಡಿಬಿಟ್ಟಾಳ್ರಿ ಸಾ.”

“ನಾಳೆ ಮುದ್ದೆನೂ ತಗಂಡು ಬಾರೆ!” ಎಂದಳು ಹಿಂದಿನ ಬೆಂಚಿನವಳು. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

“ಕಾಳು ನೋಡಿದೋರು ನಿಮ್ಮವ್ವ. ಅವರನ್ನೇ ಕೇಳ್ಕೊಂಡು ಬಂದು ಬರಿ.”

ಸಂಜೆ ಒಲೆಯ ಮುಂದೆ ಕುಳಿತು ಕೇಳಿದೆ.

“ಎರಡೂ ಮೊಳೆತಿದ್ವು ಕಣೆ. ಮಡಕೇದು ಬೆಳ್ಳಗೆ ಉದ್ದಕ್ಕಿತ್ತು, ಕಿಟಕೀದು ಹಸಿರಾಗಿ ಗಿಡ್ಡಕ್ಕಿತ್ತು. ಯಾವಾಗ್ಲೂ ಹಂಗೇ ಆಗೋದು. ನನ್ನ ಯಾರು ಕೇಳಿದ್ರು?”

ಅವಳು ಹೇಳಿದ್ದನ್ನೇ ಬರೆದೆ, ಪಾಸಾದೆ, ಶಾಲೆ ಉಳಿಯಿತು. ಆದರೆ ಮಕ್ಕಳೇ, ಅಕ್ಷರ ಬಾರದ ಅವ್ವನನ್ನು ಆ ಸಂಜೆಯವರೆಗೆ ನಾನೂ ಏನನ್ನೂ ಕೇಳಿರಲಿಲ್ಲ.